ಸುದ್ದಿ ನೋಡುವಾಗ ‘ನಾನು ಅಲ್ಲಿದ್ದೆ’ ಅನ್ನಿಸಿದರೆ: ಹಿಂದಿನ ಜನ್ಮದ ನೆನಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲೋ ದೂರದ ದೇಶದಲ್ಲಿ ಬಾಂಬು ಬಿದ್ದ ಸುದ್ದಿ ಬರುತ್ತಿರುತ್ತದೆ. ಜೊತೆಗಿದ್ದವರು ‘ಅಯ್ಯೋ ಪಾಪ’ ಅಂದು ಚಾನೆಲ್ ಬದಲಿಸುತ್ತಾರೆ. ನಿಮಗೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಆ ಬೀದಿ, ಆ ಹೊಗೆ, ಓಡುತ್ತಿರುವ ಆ ಹೆಂಗಸು, ಎಲ್ಲವೂ ಮೊದಲೇ ಗೊತ್ತು ಅನ್ನಿಸುತ್ತದೆ. ಯಾರಿಗಾದರೂ ಹೇಳೋಣವೆಂದರೆ ನಗುತ್ತಾರೇನೋ ಅಂತ ಭಯ.

ಇಂಥ ಅನುಭವ ಆದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪುನರ್ಜನ್ಮ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ಸಂಕಟ ನಿಜ ಅಂತ ಪೂರ್ತಿ ಒಪ್ಪುತ್ತೇನೆ. ಆ ಸಂಕಟವೇ ಹಿಂದಿನ ಜನ್ಮಕ್ಕೆ ಸಾಕ್ಷಿ ಅಂದರೆ ಒಪ್ಪುವುದಿಲ್ಲ.

ಆ ದೇಶಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಯುದ್ಧದ ದೃಶ್ಯ ನೋಡಿದರೆ ಅಳು ಉಕ್ಕಿ ಬರುತ್ತದೆ. ಇದು ಪೂರ್ವಜನ್ಮದ ನೆನಪಾ?

ಇರಬಹುದು ಅಂತ ನಂಬುವವರು ಕೋಟಿಗಟ್ಟಲೆ ಇದ್ದಾರೆ. ಆದರೆ ಅಳು ಬರಲು ಅಷ್ಟು ದೂರದ ಕಾರಣ ಬೇಕಾಗಿಯೇ ಇಲ್ಲ. ಮಗುವನ್ನು ಎತ್ತಿಕೊಂಡು ಓಡುವ ತಂದೆಯನ್ನು ನೋಡಿದರೆ ಕರುಳು ಚುರುಕ್ ಅನ್ನುವುದು ಮನುಷ್ಯರ ಸಹಜ ಗುಣ. ಕೆಲವರಲ್ಲಿ ಅದು ಜಾಸ್ತಿ. ಈ ಜನ್ಮದಲ್ಲೇ ಮನೆ ಕಳೆದುಕೊಂಡವರು, ಪುಟ್ಟ ವಯಸ್ಸಿನಲ್ಲಿ ಸಾವು ಕಂಡವರು, ಸದಾ ಬೈಗುಳದ ನಡುವೆ ಬೆಳೆದವರು ಇಂಥ ದೃಶ್ಯಗಳಿಗೆ ಬೇಗ ಕರಗುತ್ತಾರೆ. ಹಳೆಯ ಗಾಯಕ್ಕೂ ಟಿವಿಯಲ್ಲಿ ಕಂಡಿದ್ದಕ್ಕೂ ಮೇಲ್ನೋಟಕ್ಕೆ ಹೋಲಿಕೆಯೇ ಇರುವುದಿಲ್ಲ. ಒಳಗಿನ ಭಾವ ಮಾತ್ರ ಒಂದೇ ಆಗಿರುತ್ತದೆ: ‘ನನ್ನನ್ನು ಕಾಪಾಡುವವರು ಯಾರೂ ಇಲ್ಲ.’

ಹಾಗಾಗಿ ಮೊದಲು ಹತ್ತಿರ ಹುಡುಕಿ. ಇದೇ ಜನ್ಮದ ನಿಮ್ಮ ಮೊದಲ ಹತ್ತು ವರ್ಷಗಳಲ್ಲಿ.

ಆದರೆ ಇದು ಸುಮ್ನೆ ಬೇಜಾರಲ್ಲ. ಮೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೈಯೇ ಹೇಳುತ್ತಿದೆ ಅಂದಮೇಲೆ ನಿಜವೇ ಇರಬೇಕಲ್ವಾ?

ಎಲ್ಲರೂ ಎಡವುವ ಜಾಗ ಇದು. ಸ್ವಲ್ಪ ನಿಂತು ನೋಡೋಣ.

ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೆಕ್‌ನಾಲಿ ಮತ್ತು ಅವರ ಜೊತೆಗಾರರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅನ್ಯಗ್ರಹದವರು ತಮ್ಮನ್ನು ಎತ್ತಿಕೊಂಡು ಹೋಗಿದ್ದರು ಅಂತ ಮನಸಾರೆ ನಂಬಿದ್ದವರನ್ನು ಕರೆಸಿ, ಅವರದೇ ಅನುಭವದ ಕಥೆಯನ್ನು ಅವರಿಗೆ ಕೇಳಿಸಿದರು. ಕೇಳುತ್ತಿದ್ದಂತೆ ಅವರ ಎದೆಬಡಿತ ಏರಿತು, ಅಂಗೈ ಬೆವರಿತು. ನಿಜವಾದ ಯುದ್ಧ, ನಿಜವಾದ ಹಲ್ಲೆ ಅನುಭವಿಸಿದವರಲ್ಲಿ ಆ ನೆನಪು ಕೆದಕಿದಾಗ ಕಾಣುವ ಪ್ರತಿಕ್ರಿಯೆಯ ಮಟ್ಟಕ್ಕೇ ಅದು ಇತ್ತು. ಅವರು ನಾಟಕ ಆಡುತ್ತಿರಲಿಲ್ಲ. ಮೈಗೆ ಗೊತ್ತಿರುವುದು ನಂಬಿಕೆ ಮಾತ್ರ. ಅದು ನಡೆದದ್ದೋ, ನಡೆದಿದೆ ಅಂತ ಅಂದುಕೊಂಡದ್ದೋ ಎಂಬ ವ್ಯತ್ಯಾಸ ಮೈಗೆ ತಿಳಿಯುವುದಿಲ್ಲ.

ಖಚಿತ ಅನ್ನಿಸುವುದೂ ಅಷ್ಟೇ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಮಂದಿ ಸತ್ತರು. ಆ ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಅಂತ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ಮರುದಿನವೇ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು. ಎರಡೂವರೆ ವರ್ಷವಾದ ಮೇಲೆ 44 ಮಂದಿಯನ್ನು ಮತ್ತೆ ಕೇಳಿದರು. ನಾಲ್ಕರಲ್ಲಿ ಒಂದು ಭಾಗದವರು ಎಲ್ಲವನ್ನೂ ತಪ್ಪಾಗಿ ಹೇಳಿದರು. ಹೇಳುವಾಗ ಅವರಿಗೆ ಅನುಮಾನವೂ ಇರಲಿಲ್ಲ. ತಮ್ಮದೇ ಕೈಬರಹದ ಹಾಳೆ ತೋರಿಸಿದರೂ ಈಗಿನ ನೆನಪೇ ಸರಿ ಅಂತ ಹಟ ಹಿಡಿದವರಿದ್ದರು.

ಇದೇ ಜನ್ಮದ, ಎರಡೂವರೆ ವರ್ಷದ ಹಿಂದಿನ ನೆನಪಿನ ಗತಿ ಇದು.

ಬರೀ ಮೊಬೈಲಿನಲ್ಲಿ ನೋಡಿದ್ದಕ್ಕೆ ಇಷ್ಟೆಲ್ಲ ಆಗುತ್ತದಾ?

ಆಗುತ್ತದೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸ್ಫೋಟವಾಯಿತು. ನಂತರದ ವಾರಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 4,600ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಈ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ ಕಂಡ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಜಾಸ್ತಿ ಇದ್ದವು.

ಅಲ್ಲಿದ್ದವನು ಒಂದು ಸಲ ನೋಡಿ ಓಡುತ್ತಾನೆ. ಪರದೆಯ ಮುಂದೆ ಕೂತವನು ಅದೇ ಹತ್ತು ಸೆಕೆಂಡನ್ನು ನೂರು ಸಲ ನೋಡುತ್ತಾನೆ. ಹೀಗೆ ಒಳಗೆ ಇಳಿದ ಚಿತ್ರ ವಾರದ ನಂತರ ಕನಸಿನಲ್ಲಿ ಬಂದರೆ, ಎಲ್ಲಿಂದ ಬಂತು ಅನ್ನುವುದು ಮರೆತೇ ಹೋಗಿರುತ್ತದೆ. ಆಗ ‘ಇದು ನನ್ನದೇ’ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ನಾನು ಎಂದೂ ಓದಿರದ ವಿವರಗಳು ನನಗೆ ಗೊತ್ತಿವೆ. ಅದು ಹೇಗೆ?

‘ಎಂದೂ ಓದಿಲ್ಲ’ ಅನ್ನುವುದನ್ನು ಅಷ್ಟು ಸುಲಭವಾಗಿ ನಂಬಬೇಡಿ. ಇದಕ್ಕೆ ನಮ್ಮವರಿಗೆ ಖುಷಿ ಕೊಡುವ ಒಂದು ಉದಾಹರಣೆ ಇದೆ.

1890ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹೆಲೆನ್ ಸ್ಮಿತ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಒಬ್ಬ ಹೆಂಗಸಿದ್ದಳು. ಮೈಮರೆತ ಸ್ಥಿತಿಯಲ್ಲಿ ಹಿಂದಿನ ಜನ್ಮದ ಕಥೆ ಹೇಳುತ್ತಿದ್ದಳು. ಒಂದು ಜನ್ಮದಲ್ಲಿ ಫ್ರಾನ್ಸಿನ ರಾಣಿ. ಇನ್ನೊಂದರಲ್ಲಿ, ಕೇಳಿ, ಕೆನರಾ ಸೀಮೆಯ ದೊರೆ ‘ಸಿವ್ರುಕ ನಾಯಕ’ನ ಮಡದಿ ಸಿಮಂದಿನಿ! ಆ ನಾಯಕ 1401ರಲ್ಲಿ ಚಂದ್ರಗಿರಿ ಕೋಟೆ ಕಟ್ಟಿಸಿದ ಅಂತಲೂ, ಅವನ ಚಿತೆಯ ಮೇಲೆ ತಾನು ಸಹಗಮನ ಮಾಡಿದೆ ಅಂತಲೂ ಹೇಳಿದಳು. ಭಾರತ ನೋಡದ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು?

ಥಿಯೋಡೋರ್ ಫ್ಲೂರ್ನೊಯ್ ಎಂಬ ಮನಶ್ಶಾಸ್ತ್ರಜ್ಞ ಬಿಡದೆ ಹುಡುಕಿದರು. ಕೊನೆಗೆ 1828ರ ಒಂದು ಫ್ರೆಂಚ್ ಚರಿತ್ರೆಯ ಪುಸ್ತಕದಲ್ಲಿ ಅದೇ ಹೆಸರು, ಅದೇ ಕೋಟೆ, ಅದೇ ಇಸವಿ ಸಿಕ್ಕಿತು. ಕನ್ನಡದ ಕಿವಿಗೆ ಆ ಹೆಸರು ಶಿವಪ್ಪ ನಾಯಕನ ಹಾಗೆ ಕೇಳಿಸುತ್ತದೆ, ಅಲ್ವಾ? ಕಾಸರಗೋಡಿನ ಹತ್ತಿರದ ಚಂದ್ರಗಿರಿ ಕೋಟೆಯ ಜೊತೆ ಸಾಮಾನ್ಯವಾಗಿ ಸೇರಿಸಿ ಹೇಳುವುದೂ ಕೆಳದಿಯ ಶಿವಪ್ಪ ನಾಯಕನ ಹೆಸರನ್ನೇ. ಆದರೆ ಅವನು 17ನೇ ಶತಮಾನದವನು. 1401 ಅನ್ನುವುದು ಆ ಪುಸ್ತಕದ ತಪ್ಪು ಅಂತಲೇ ನನಗೆ ಕಾಣುತ್ತದೆ. ಪುಸ್ತಕದ ತಪ್ಪು ‘ಹಿಂದಿನ ಜನ್ಮದ ನೆನಪಿನಲ್ಲೂ’ ಹಾಗೇ ಬಂದಿದೆ ಅಂದರೆ ನೆನಪಿನ ಮೂಲ ಯಾವುದು ಅಂತ ಬೇರೆ ಹೇಳಬೇಕೇ?

ಅವಳು ಬೇಕಂತಲೇ ಸುಳ್ಳು ಹೇಳಿದಳು ಅಂತ ಫ್ಲೂರ್ನೊಯ್ ಹೇಳಲಿಲ್ಲ. ಯಾವಾಗಲೋ ಕಣ್ಣಿಗೆ ಬಿದ್ದದ್ದು ಒಳಗೆ ಉಳಿದಿತ್ತು, ಬಿದ್ದದ್ದು ಮಾತ್ರ ಮರೆತಿತ್ತು.

ನನಗೂ ಆಗಿದೆ. ಮುಳುಗುತ್ತಿರುವ ಹಡಗಿನ ಕಬ್ಬಿಣದ ಮೆಟ್ಟಿಲು ಹತ್ತುವ ಕನಸು ವರ್ಷಗಟ್ಟಲೆ ಬರುತ್ತಿತ್ತು. ಹಡಗು ದುರಂತದ ಸುದ್ದಿ ಬಂದಾಗಲೆಲ್ಲ ಉಸಿರು ಕಟ್ಟುತ್ತಿತ್ತು. ನೀರಲ್ಲಿ ಸತ್ತಿದ್ದೆ ಅಂತಲೇ ತೀರ್ಮಾನಿಸಿದ್ದೆ. ಒಮ್ಮೆ ಅಟ್ಟ ಖಾಲಿ ಮಾಡುವಾಗ ಹಳೆಯ ಮಾಸಪತ್ರಿಕೆಯ ಒಂದು ಕಟ್ಟು ಸಿಕ್ಕಿತು. ಅದರಲ್ಲೊಂದು ರೇಖಾಚಿತ್ರ: ಅದೇ ಮೆಟ್ಟಿಲು, ಅದೇ ಓರೆ, ಕೆಳಗೆ ಅದೇ ಕಪ್ಪು ನೀರು. ಓದು ಬಾರದ ವಯಸ್ಸಿನಲ್ಲಿ ಆ ಪುಟ ತಿರುವಿದ್ದೆನೇನೋ. ನಿಜ ಹೇಳಬೇಕೆಂದರೆ ಚಿತ್ರ ನೋಡಿ ಸ್ವಲ್ಪ ನಿರಾಸೆಯೇ ಆಯಿತು.

ಚಿಕ್ಕ ಮಕ್ಕಳು ಹೇಳುವ ಪ್ರಕರಣಗಳಿಗೆ ಏನನ್ನುತ್ತೀರಿ?

ಇಲ್ಲಿ ನಾನು ಸ್ವಲ್ಪ ಮೆತ್ತಗಾಗುತ್ತೇನೆ. ಈ ವಿಷಯವನ್ನು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ದೊಡ್ಡ ಹೆಸರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಅವರದು. 2007ರಲ್ಲಿ ತೀರಿಕೊಂಡರು. ಅವರು ಮತ್ತು ಅವರ ತಂಡ ಸುಮಾರು 2,500 ಪ್ರಕರಣಗಳನ್ನು ಕಲೆಹಾಕಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ ಕೂಡ ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಇವರ ದಾಖಲೆಗಳಲ್ಲಿ ಮಕ್ಕಳು ಹೆಚ್ಚಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಮಾತು ಶುರುಮಾಡುತ್ತಾರೆ. ಏಳೆಂಟು ವರ್ಷಕ್ಕೆ ಮರೆತುಬಿಡುತ್ತಾರೆ. ಮಗು ಹೇಳುವ ‘ಹಿಂದಿನ’ ವ್ಯಕ್ತಿ ಅಪಘಾತ, ಕೊಲೆ, ಯುದ್ಧದಂಥ ಕಾರಣದಿಂದ ಸತ್ತಿರುವುದೇ ಹೆಚ್ಚು.

ಜಗತ್ತಿನ ದೊಡ್ಡ ಘಟನೆಗೆ ನೇರವಾಗಿ ತಾಗುವ ಒಂದು ಗುಂಪೂ ಇದೆ. ಬರ್ಮಾದ 24 ಮಕ್ಕಳು ತಾವು ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸತ್ತ ಜಪಾನಿ ಸೈನಿಕರು ಅಂದರು. ಸೆಖೆ ತಡೆಯಲಾಗದು ಅಂತ ಗೊಣಗುತ್ತಿದ್ದರು, ಖಾರ ಬೇಡ ಅನ್ನುತ್ತಿದ್ದರು, ಜಪಾನಿಗೆ ಹೋಗಬೇಕು ಅಂತ ಹಟ ಮಾಡುತ್ತಿದ್ದರು. ಸ್ಟೀವನ್‌ಸನ್ ಮತ್ತು ಜೊತೆಗಾರರು 2005ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಇಂಥ ಸೈನಿಕನೇ ಅಂತ ಗುರುತಿಸಲು ಬೇಕಾದ ಹೆಸರು, ವಿಳಾಸ ಆ ಮಕ್ಕಳ ಬಾಯಿಂದ ಬರಲಿಲ್ಲ.

ಟೀಕೆಗಳೂ ಗಟ್ಟಿಯಾಗಿವೆ. ಸಂಶೋಧಕರು ಹೋಗುವಷ್ಟರಲ್ಲಿ ಬಹುಪಾಲು ಮಗುವಿನ ಮನೆಯವರೂ ಸತ್ತ ವ್ಯಕ್ತಿಯ ಮನೆಯವರೂ ಭೇಟಿಯಾಗಿ ಮಾತಾಡಿಕೊಂಡಿರುತ್ತಿದ್ದರು. ಮಗು ಮೊದಲು ಹೇಳಿದ್ದೆಷ್ಟು, ದೊಡ್ಡವರು ಸೇರಿಸಿದ್ದೆಷ್ಟು ಅಂತ ಬಿಡಿಸುವುದು ಕಷ್ಟ. ಸ್ಟೀವನ್‌ಸನ್ ಕೂಡ ‘ಸಾಬೀತಾಯಿತು’ ಅನ್ನಲಿಲ್ಲ. ಪುನರ್ಜನ್ಮವನ್ನು ‘ಸೂಚಿಸುವಂಥ’ ಪ್ರಕರಣ ಅನ್ನುವುದೇ ಅವರ ಪದವಾಗಿತ್ತು. ನಾನೂ ಆ ಪದದಲ್ಲೇ ನಿಲ್ಲುತ್ತೇನೆ.

ಒಂದು ಮಾತು ಗಮನಿಸಿ. ಇವೆಲ್ಲ ಮಕ್ಕಳ ಕಥೆ. ಮೂವತ್ತೈದು ವರ್ಷಕ್ಕೆ, ಸುದ್ದಿ ನೋಡುವಾಗ ಮೊದಲ ಬಾರಿ ಬಂದ ‘ನೆನಪು’ ಈ ಲೆಕ್ಕಕ್ಕೆ ಸೇರುವುದಿಲ್ಲ.

ಟಿವಿಯಲ್ಲಿ ವಿಮಾನ ಬಿದ್ದದ್ದು ನೋಡಿ ನನ್ನ ಮೂರು ವರ್ಷದ ಮಗ ‘ನಾನೂ ಹೀಗೇ ಬಿದ್ದೆ’ ಅಂದ. ಏನು ಮಾಡಲಿ?

ಗಾಬರಿಯಾಗಬೇಡಿ. ಬೈಯಬೇಡಿ. ಕೆದಕಿ ಕೆದಕಿ ಕೇಳಬೇಡಿ. ‘ಹೌದಾ ಕಂದಾ, ಭಯ ಆಯ್ತಾ?’ ಅಂತ ಕೇಳಿ ಮಡಿಲಿಗೆ ಎಳೆದುಕೊಳ್ಳಿ. ‘ನಿನ್ನ ಹೆಸರೇನಿತ್ತು? ಯಾವ ಊರು?’ ಅಂತ ಶುರು ಮಾಡಿದರೆ ಮಗು ನಿಮಗೆ ಬೇಕಾದ ಉತ್ತರ ಕೊಡುವುದನ್ನು ಬೇಗ ಕಲಿಯುತ್ತದೆ. ಬಂದವರ ಮುಂದೆ ಹೇಳಿಸುವುದಂತೂ ಬೇಡವೇ ಬೇಡ. ವಿಡಿಯೋ ಮಾಡಿ ಹಾಕುವುದು ಇನ್ನೂ ಕೆಟ್ಟದ್ದು.

ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಕು ಹಾಕಿ ಬರೆದಿಡಿ. ಆಮೇಲೆ ಸುದ್ದಿ ಚಾನೆಲ್ ಆಫ್ ಮಾಡಿ. ಮೂರು ವರ್ಷದ ಮಗು ವಿಮಾನ ಬೀಳುವುದನ್ನು ನೋಡುವ ಅಗತ್ಯ ಏನಿತ್ತು?

ರಿಗ್ರೆಷನ್ (ಸಂಮೋಹನದಲ್ಲಿ ಹಿಂದಿನ ಜನ್ಮಕ್ಕೆ ಕರೆದೊಯ್ಯುವುದು) ಮಾಡಿಸಿದರೆ ಸತ್ಯ ಗೊತ್ತಾಗುತ್ತದಾ?

ಸತ್ಯ ಗೊತ್ತಾಗುವುದಿಲ್ಲ. ಕಥೆ ಸಿಗುತ್ತದೆ. ಕಣ್ಣು ಮುಚ್ಚಿಸಿ, ಹಿಂದೆ ಹಿಂದೆ ಹೋಗಿ ಅಂತ ಸಂಮೋಹನದಲ್ಲಿ ಕರೆದೊಯ್ದರೆ ಕಲ್ಪನೆ ಬಿಚ್ಚಿಕೊಳ್ಳುತ್ತದೆ. ಬಂದದ್ದೆಲ್ಲ ನಿಜ ಅನ್ನಿಸುವ ಧೈರ್ಯವೂ ಜೊತೆಗೆ ಬರುತ್ತದೆ. ಅಪಾಯ ಇರುವುದು ಆ ಧೈರ್ಯದಲ್ಲಿ.

1952ರಲ್ಲಿ ಅಮೆರಿಕದ ಕೊಲರಾಡೊದ ಒಬ್ಬ ಗೃಹಿಣಿ ಸಂಮೋಹನದಲ್ಲಿ ತಾನು 19ನೇ ಶತಮಾನದ ಐರ್ಲೆಂಡಿನ ಬ್ರೈಡಿ ಮರ್ಫಿ ಅಂದಳು. 1956ರಲ್ಲಿ ಅದು ಪುಸ್ತಕವಾಗಿ ದೇಶವೇ ಹುಚ್ಚೆದ್ದು ಓದಿತು. ಪತ್ರಕರ್ತರು ಕೆದಕಿದಾಗ, ಅವಳ ಬಾಲ್ಯದ ಶಿಕಾಗೋ ಮನೆಯ ಎದುರಿಗೇ ಬ್ರೈಡಿ ಎಂಬ ಐರಿಷ್ ಮೂಲದ ಹೆಂಗಸು ಇದ್ದದ್ದು ಗೊತ್ತಾಯಿತು. ಆ ಎದುರುಮನೆಯ ಹೆಂಗಸಿನ ಮದುವೆಗೆ ಮುಂಚಿನ ಮನೆತನದ ಹೆಸರು ಮರ್ಫಿ.

ಕೆನಡಾದ ಮನಶ್ಶಾಸ್ತ್ರಜ್ಞ ನಿಕೊಲಸ್ ಸ್ಪಾನೋಸ್ ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿದರು. ಸಂಮೋಹನಕ್ಕೆ ಮೊದಲು ‘ಹಿಂದಿನ ಕಾಲದಲ್ಲಿ ಮಕ್ಕಳಿಗೆ ಹಿಂಸೆ ಜಾಸ್ತಿ ಇತ್ತು’ ಅಂತ ಹೇಳಿದರೆ, ಜನ ‘ನೆನಪಿಸಿಕೊಂಡ’ ಜನ್ಮದಲ್ಲೂ ಹಿಂಸೆ ಹೆಚ್ಚಾಗಿ ಬಂತು. ಒಬ್ಬಾತ ತಾನು ಕ್ರಿ.ಶ. 50ರಲ್ಲಿ ರೋಮಿನ ಚಕ್ರವರ್ತಿ ಜೂಲಿಯಸ್ ಸೀಸರ್ ಅಂದ. ಸೀಸರ್ ಸತ್ತದ್ದು ಕ್ರಿ.ಪೂ. 44ರಲ್ಲಿ, ಚಕ್ರವರ್ತಿ ಆಗಲೇ ಇಲ್ಲ. 1940ರ ಜಪಾನಿ ಯುದ್ಧವಿಮಾನದ ಪೈಲಟ್ ಅಂದವನಿಗೆ ದೇಶ ಯುದ್ಧದಲ್ಲಿತ್ತು ಅನ್ನುವುದೇ ಗೊತ್ತಿರಲಿಲ್ಲ!

ಮಕ್ಕಳ ಪ್ರಕರಣ ಹುಡುಕಿಕೊಂಡು ದೇಶ ದೇಶ ಸುತ್ತಿದ ಸ್ಟೀವನ್‌ಸನ್ ಅವರಿಗೂ ಈ ಸಂಮೋಹನದ ದಾರಿಯ ಮೇಲೆ ಭರವಸೆ ಇರಲಿಲ್ಲ.

‘ಆದರೂ ಮಾಡಿಸಿದ ಮೇಲೆ ಹಗುರ ಅನ್ನಿಸಿತು’ ಅನ್ನುವವರಿದ್ದಾರೆ. ಅನ್ನಿಸಲಿ. ಕಥೆ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. ಆದರೆ ಕೆಲವರು ಹೋಗುವಾಗ ಇಲ್ಲದ ಸಾವೊಂದನ್ನು ಹೊತ್ತುಕೊಂಡು ಬರುತ್ತಾರೆ. ಈಗಾಗಲೇ ಸುದ್ದಿಗೆ ನಡುಗುವವರಿಗೆ ಇನ್ನೊಂದು ಸಾವಿನ ದೃಶ್ಯ ಬೇಕೇ?

ಹಿರಿಯರು ಅನುಭವಿಸಿದ ನೋವು ರಕ್ತದಲ್ಲಿ ಇಳಿದು ಬರುತ್ತದೆ ಅನ್ನುತ್ತಾರಲ್ಲ?

ಅರ್ಧ ಸತ್ಯ. 1944–45ರ ಚಳಿಗಾಲದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಜರ್ಮನ್ನರ ದಿಗ್ಬಂಧನದಿಂದ ಬರಗಾಲ ಬಂತು. ಆಗ ತಾಯಿಯ ಹೊಟ್ಟೆಯಲ್ಲಿದ್ದವರ ಜೀನ್‌ಗಳ ಮೇಲಿನ ರಾಸಾಯನಿಕ ಗುರುತುಗಳಲ್ಲಿ ಆರು ದಶಕ ಕಳೆದ ಮೇಲೂ ವ್ಯತ್ಯಾಸ ಕಂಡಿತು. 2013ರಲ್ಲಿ ಇಲಿಗಳ ಮೇಲಿನ ಒಂದು ಪ್ರಯೋಗದಲ್ಲಿ, ತಂದೆ ಇಲಿ ಹೆದರಲು ಕಲಿತ ವಾಸನೆಗೆ ಮರಿಗಳೂ ಬೆಚ್ಚಿದವು. ಮನುಷ್ಯರಲ್ಲಿ ಇದು ತಲೆಮಾರು ದಾಟಿ ಎಷ್ಟರಮಟ್ಟಿಗೆ ನಡೆಯುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ.

ಹಾಗೆ ಇಳಿದರೂ ಇಳಿಯುವುದು ಬೇಗ ಬೆಚ್ಚುವ ಗುಣ. ಉರಿಯುವ ಮನೆಯ ಚಿತ್ರವಲ್ಲ. ಚಿತ್ರ ಬರುವುದು ಬೇರೆ ದಾರಿಯಲ್ಲಿ: ಅಜ್ಜಿ ಅರ್ಧ ಹೇಳಿ ನಿಲ್ಲಿಸಿದ ಕಥೆ, ಅಪ್ಪ ಯಾವಾಗಲೂ ಬಾಗಿಲಿಗೆ ಎರಡು ಚಿಲಕ ಹಾಕುವುದು, ಕೆಲವು ಹೆಸರು ಬಂದಾಗ ಮನೆಯೆಲ್ಲ ಮೌನವಾಗುವುದು. ಮಕ್ಕಳು ಆ ಖಾಲಿ ಜಾಗವನ್ನು ತಾವೇ ತುಂಬಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ವಲಸೆ, ಗಲಭೆ, ಬರ ಕಂಡವರಿದ್ದರೆ, ಅವರು ಬದುಕಿರುವಾಗಲೇ ಕೂತು ಕೇಳಿ. ಹಿಂದಿನ ಜನ್ಮದ್ದು ಅಂದುಕೊಂಡದ್ದು ಹಿಂದಿನ ತಲೆಮಾರಿನದು ಇರಬಹುದು.

ನಮ್ಮ ಶಾಸ್ತ್ರಗಳಲ್ಲಿ ಜಾತಿಸ್ಮರಣೆ (ಹಿಂದಿನ ಜನ್ಮದ ನೆನಪು) ಇದೆಯಲ್ಲ?

ಇದೆ. ಸಂಸ್ಕಾರಗಳನ್ನು, ಅಂದರೆ ಮನಸ್ಸಿನಲ್ಲಿ ಉಳಿದ ಹಳೆಯ ಅಚ್ಚುಗಳನ್ನು, ನೇರವಾಗಿ ಕಂಡುಕೊಂಡರೆ ಪೂರ್ವಜನ್ಮದ ಅರಿವು ಬರುತ್ತದೆ ಅಂತ ಯೋಗಸೂತ್ರ ಹೇಳುತ್ತದೆ. ಆದರೆ ಅದು ದೀರ್ಘ ಸಾಧನೆಯ ಫಲ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದೂ ಇಷ್ಟೇ: ನಿನಗೂ ನನಗೂ ಎಷ್ಟೋ ಜನ್ಮ ಕಳೆದಿವೆ, ಅವು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಅರ್ಜುನನಿಗೇ ಇಲ್ಲದ್ದು ನಮಗೆ ರಾತ್ರಿ ಒಂಬತ್ತರ ಸುದ್ದಿಯಲ್ಲಿ ಬಂದುಬಿಡುತ್ತದೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಪಂಪನ ಆದಿಪುರಾಣದ ಶ್ರೀಮತಿ ಎಂಬ ರಾಜಕುಮಾರಿಗೂ ಹಿಂದಿನ ಜನ್ಮ ನೆನಪಾಗಿ ಮೂರ್ಛೆ ಬರುತ್ತದೆ. ಆ ಕಥೆಯಲ್ಲಿ ನನಗೆ ಇಷ್ಟವಾಗುವುದು ಮೂರ್ಛೆಯಲ್ಲ, ಆಮೇಲಿನದು. ಹಿಂದಿನ ಜನ್ಮದ ಘಟನೆಗಳ ಚಿತ್ರಪಟವನ್ನು ಜನರಿಗೆ ತೋರಿಸುತ್ತಾರೆ. ಅದನ್ನು ಗುರುತು ಹಿಡಿಯಬಲ್ಲವನೇ ಅವಳ ಹಿಂದಿನ ಗಂಡ. ಸಾವಿರ ವರ್ಷದ ಹಿಂದಿನ ಕಾವ್ಯಕ್ಕೂ ಬರೀ ಭಾವ ಸಾಕಾಗಲಿಲ್ಲ, ಪರೀಕ್ಷೆ ಬೇಕಾಯಿತು.

ಹಾಗಾದರೆ ನನ್ನ ನೆನಪನ್ನು ಪರೀಕ್ಷೆ ಮಾಡುವುದು ಹೇಗೆ?

ಏನನ್ನೂ ಹುಡುಕುವ ಮೊದಲೇ ಬರೆಯಿರಿ. ತಾರೀಕು ಹಾಕಿ, ಒಬ್ಬರಿಗೆ ಕೊಟ್ಟಿಡಿ. ಇಂಟರ್ನೆಟ್ ತೆರೆದ ಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ. ‘ಬೆಂಕಿ, ಗದ್ದಲ, ಅಳು’ ಅನ್ನುವುದು ಎಲ್ಲ ಯುದ್ಧಕ್ಕೂ ಹೊಂದುತ್ತದೆ. ಹೆಸರು, ಓಣಿ, ಆಗಿನ ನಾಣ್ಯ, ಆ ಭಾಷೆಯ ನಾಲ್ಕು ಮಾತು, ಇಂಥದ್ದು ಇದೆಯಾ ನೋಡಿ. ಬಹಳ ಜನರ ಹಾಳೆ ಇಲ್ಲಿಗೇ ಖಾಲಿ.

ಒಂದು ದೇಶದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿಂದಿನ ಜನ್ಮದಲ್ಲಿ ನನ್ನನ್ನು ಕೊಂದವರು ಅವರೇ ಅನ್ನಿಸುತ್ತದೆ.

ಈ ಪುಟದಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಪ್ರಶ್ನೆ ಇದೊಂದೇ.

ಇವತ್ತಿನ ದ್ವೇಷಕ್ಕೆ ಕಾರಣ ಕೇಳಿದರೆ ವಾದ ಮಾಡಬಹುದು, ತಪ್ಪು ತೋರಿಸಬಹುದು. ಹಿಂದಿನ ಜನ್ಮದ ದ್ವೇಷಕ್ಕೆ ಯಾರೂ ಉತ್ತರ ಕೊಡಲಾರರು. ಸಾಕ್ಷಿಯೂ ನೀವೇ, ನ್ಯಾಯಾಧೀಶರೂ ನೀವೇ. ಅಲ್ಲದೆ, ಜನ್ಮಗಳನ್ನು ನಂಬುವುದಾದರೆ ಪೂರ್ತಿ ನಂಬಿ: ನಿಮ್ಮನ್ನು ಕೊಂದವನು ಈಗ ನಿಮ್ಮ ಪಕ್ಕದ ಮನೆಯಲ್ಲೇ ಹುಟ್ಟಿರಬಹುದು. ನೀವೇ ಆ ದೇಶದಲ್ಲಿ ಕೊಲ್ಲುವ ಕಡೆ ಇದ್ದಿರಬಹುದು. ‘ನಾನು ಕೊಂದೆ’ ಅಂತ ನೆನಪಿಸಿಕೊಳ್ಳುವವರು ಯಾಕಿಷ್ಟು ಕಡಿಮೆ?

ಅಲ್ಲಿ ಸಾಯುತ್ತಿರುವವರು ಅವರ ಕರ್ಮ ಅನುಭವಿಸುತ್ತಿದ್ದಾರೆ ಅನ್ನಬಹುದಾ?

ನಿಮ್ಮ ಕಷ್ಟಕ್ಕೆ ಬೇಕಾದರೆ ಹಾಗನ್ನಿ. ಮಗು ಕಳೆದುಕೊಂಡವರ ಬಗ್ಗೆ ಬೇಡ.

ಅಲ್ಲಿಯವರೇ ಒಬ್ಬರು ಪರಿಚಯ. ನನ್ನ ನೆನಪನ್ನು ಅವರಿಗೆ ಹೇಳಲಾ?

ಈಗ ಬೇಡ. ಅವರ ತಮ್ಮ ಎಲ್ಲಿದ್ದಾನೆ ಅಂತ ಅವರಿಗೆ ಗೊತ್ತಿಲ್ಲದಿರುವಾಗ ‘ನಾನೂ ಅಲ್ಲಿ ಸತ್ತಿದ್ದೆ’ ಅಂದರೆ, ಅವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ‘ಮನೆಯವರಿಂದ ಫೋನ್ ಬಂತಾ?’ ಅಂತ ಕೇಳಿ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ. ಊಟ, ಕೆಲಸ ತಪ್ಪಿದರೆ. ಎಚ್ಚರವಿರುವಾಗಲೇ ಆ ದೃಶ್ಯ ಕಣ್ಣಮುಂದೆ ನಡೆದಂತೆ ಕಂಡರೆ. ಯಾರೋ ಆದೇಶ ಕೊಡುವ ದನಿ ಕೇಳಿದರೆ, ಸಾಯಬೇಕು ಅನ್ನಿಸಿದರೆ ಅವತ್ತೇ ಹೋಗಿ, ಒಬ್ಬರೇ ಹೋಗಬೇಡಿ. ನಂಬಿಕೆಯ ಬಗ್ಗೆ ನಾಚಿಕೆಪಟ್ಟು ಮುಚ್ಚಿಡಬೇಡಿ, ‘ನನಗೆ ಹಿಂದಿನ ಜನ್ಮದ್ದು ಅನ್ನಿಸುತ್ತಿದೆ’ ಅಂತ ನೇರವಾಗಿ ಹೇಳಿ. ಕೇಳಿ ನಗುವ ಕೌನ್ಸೆಲರ್ ಸಿಕ್ಕರೆ ಬೇರೆಯವರನ್ನು ನೋಡಿ. ಕೇಳಿದ ತಕ್ಷಣ ‘ಹೌದು, ಯಾವ ಜನ್ಮ ಅಂತ ನೋಡೋಣ’ ಅನ್ನುವವರನ್ನೂ ಬಿಡಿ.

ಸುದ್ದಿ ನೋಡುವುದನ್ನೇ ಬಿಟ್ಟುಬಿಡಲಾ?

ಪೂರ್ತಿ ಬಿಡಬೇಡಿ. ಓದಿ, ನೋಡಬೇಡಿ. ಅಕ್ಷರದಲ್ಲಿ ಬಂದ ಸುದ್ದಿ ಅದೇ ಹತ್ತು ಸೆಕೆಂಡನ್ನು ನೂರು ಸಲ ಓಡಿಸುವುದಿಲ್ಲ. ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ಮಲಗುವ ಹೊತ್ತಂತೂ ಬೇಡ. ಮೈ ನಡುಗಲು ಶುರುವಾದರೆ ಪಾದ ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಿ. ಪೆದ್ದುತನ ಅನ್ನಿಸಬಹುದು, ಆದರೆ ಎಷ್ಟೋ ಜನರಿಗೆ ಉಸಿರು ಹದಕ್ಕೆ ಬರುತ್ತದೆ. ಆಮೇಲೆ ಪರಿಹಾರ ಕೆಲಸ ಮಾಡುವ ಯಾವುದಾದರೂ ನಂಬಿಕಸ್ಥ ಸಂಸ್ಥೆಗೆ ಕೈಲಾದಷ್ಟು ಕಳಿಸಿ. ರಸೀದಿ ಬಂದಿತಾ ನೋಡಿ, ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ.